ಅವ್ವ ನಡೆಯಲು ಹೊರಟ ವರ್ಷ

ಅವ್ವನನ್ನು ಮೊದಲ ಸಲ ತೂಗಿದ್ದು ನಮ್ಮ ಓಣಿಯ ಕೊನೆಯಲ್ಲಿದ್ದ ಕಟ್ಟಿಗೆ ಅಡ್ಡೆಯಲ್ಲಿ. ಆಗ ಪಾರ್ವತಿನಗರದಲ್ಲಿ ಮನೆಗಳಿಗಿಂತ ಖಾಲಿ ಜಾಗಗಳೇ ಹೆಚ್ಚು. ಗ್ಯಾಸಿನ ಒಲೆ ಇದ್ದ ಮನೆ ಒಂದೋ ಎರಡೋ. ಉಳಿದವರೆಲ್ಲ ಖಾಸಿಂ ಚಾಚಾನ ಅಡ್ಡೆಯಿಂದಲೇ ಕಟ್ಟಿಗೆ ತರುತ್ತಿದ್ದರು. ಅಲ್ಲಿ ಮೂರು ಗಳಗಳ ನಡುವೆ ಸರಪಳಿಯಿಂದ ತೂಗುಬಿಟ್ಟ ದೊಡ್ಡ ತಕ್ಕಡಿಯಿತ್ತು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಮನುಷ್ಯರನ್ನು ತೂಗುವ ಯಂತ್ರ ನಮ್ಮ ಕಡೆ ಎಲ್ಲಿತ್ತು? ಅವ್ವ ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ಗಿರಾಕಿಗಳು ಬರುವ ಮುನ್ನವೇ ನನ್ನ ಕೈ ಹಿಡಿದುಕೊಂಡು, ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಅಡ್ಡೆಗೆ ಹೋದಳು. ಚಾಚಾ ಅಪ್ಪನಿಗಿಂತ ತುಂಬ ಹಿರಿಯ, ಬಿಳಿ ಗಡ್ಡದವನು. ವಿಷಯ ತಿಳಿದು ನಗಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ತಕ್ಕಡಿಯ ಹಲಗೆಯ ತೊಗಟೆ ಚೂರುಗಳನ್ನು ಒರೆಸಿ, ಅವ್ವನನ್ನು ಕೂರಿಸಿ, ಆಚೆ ಕಡೆ ಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ಇಡುತ್ತ, ರೂಢಿಯಂತೆ ಓಣಿಗೆಲ್ಲ ಕೇಳುವ ಹಾಗೆ ಕೂಗತೊಡಗಿದ.

"ಇಪ್ಪತ್ತು... ನಲವತ್ತು... ಅರವತ್ತು..."

"ಚಾಚಾ, ಮೆತ್ತಗ ಹೇಳ್ರಿ. ಮಂದಿ ಕೇಳ್ತಾರ."

"ಕೇಳಿದ್ರ ಕೇಳ್ಲಿ ಬಿಡು ಬೇಟಿ. ಎಪ್ಪತ್ತನಾಲ್ಕು ಕಿಲೊ. ಜಾಲಿ ಕಟ್ಟಿಗಿ ಇದ್ದಂಗ ಅದೀ. ವಜ್ಜಾ ಐತಿ, ಆದ್ರ ಒಳಗ ಹುಳ ಇಲ್ಲ."

ಅವ್ವನಿಗೆ ಸಿಟ್ಟು ಬಂತೋ ನಗು ಬಂತೋ ತಿಳಿಯಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳುವಾಗ ಮಾತ್ರ ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಇದೆಲ್ಲ ಶುರುವಾದದ್ದು ನನ್ನ ತಮ್ಮ ಹುಟ್ಟಿ ಒಂದು ವರ್ಷವಾಗುವ ಹೊತ್ತಿಗೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ತಂಗಿ ನಾಗು ಇನ್ನೂ ಒಂದನೆಯದರಲ್ಲಿ. ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು. ಒಂದು ಬೆಳಗ್ಗೆ ಒಲೆಯ ಮುಂದಿನಿಂದ ಏಳುವಾಗ ಕಣ್ಣು ಕತ್ತಲಿಟ್ಟು ಹಿಟ್ಟಿನ ಪರಾತದ ಮೇಲೆಯೇ ಕುಸಿದಳು. ಡಾಕ್ಟರಮ್ಮ ತೆಲುಗಿನವರು, ಕನ್ನಡವನ್ನೂ ತೆಲುಗಿನ ರಾಗದಲ್ಲೇ ಆಡುವವರು. ನೋಡಿ, ಪರೀಕ್ಷಿಸಿ, ಸಕ್ಕರೆ ಕಾಯಿಲೆ ಎಂದರು. ಸಕ್ಕರೆ, ಬೆಲ್ಲ ಮನೆಯೊಳಗೇ ಇರಬಾರದು, ಅನ್ನ ಒಂದು ಹಿಡಿಯಷ್ಟು, ದಿನಾ ಗುಳಿಗೆ, ದಿನಾ ಎರಡು ಮೈಲಿ ನಡಿಗೆ. ಅವ್ವನಿಗೆ ಆಗ ಮೂವತ್ತೆರಡೋ ಮೂವತ್ತಮೂರೋ.

ನಮ್ಮದು ಸಣ್ಣ ಮನೆ. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಅದಕ್ಕೆ ಅಂಟಿಕೊಂಡ ಕತ್ತಲೆಯ ಉಗ್ರಾಣ, ಹಿಂದೆ ಬಚ್ಚಲು ಮತ್ತು ಹಿತ್ತಲು. ನೆಲಕ್ಕೆ ಕಡಪಾ ಬಂಡೆ. ಬೇಸಿಗೆಯ ಮಧ್ಯಾಹ್ನ ಅಜ್ಜಿ ಆ ಬಂಡೆಯ ಮೇಲೆ ನೀರು ಚಿಮುಕಿಸಿ ಬೆನ್ನು ಹಚ್ಚಿ ಮಲಗುತ್ತಿದ್ದಳು. ಅವಳ ಎರಡೂ ಪಕ್ಕೆಗೆ ನಾವು. ಅಜ್ಜಿ ಅಪ್ಪನ ತಾಯಿ, ಸಿರುಗುಪ್ಪದವಳು. ಕಾಲುವೆ ನೀರಿನ ಗದ್ದೆಗಳ ನಡುವೆ ಹುಟ್ಟಿ ಬೆಳೆದ ಅವಳ ಪ್ರಕಾರ ಊಟ ಎಂದರೆ ಅನ್ನ, ಉಳಿದದ್ದೆಲ್ಲ ಅದಕ್ಕೆ ಜೊತೆ. ಅವ್ವ ಕೊಳಗಲ್ಲಿನವಳು, ಜೋಳದ ಹೊಲದವರ ಮಗಳು. ಅತ್ತೆ ಸೊಸೆಯರ ಜಗಳ ಏನಿದ್ದರೂ ಅನ್ನದ ಪಾತ್ರೆ ಎಷ್ಟು ದೊಡ್ಡದಿರಬೇಕು ಎನ್ನುವುದರ ಸುತ್ತಲೇ ತಿರುಗುತ್ತಿತ್ತು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಜಗಳ ಶುರುವಾದರೆ ಸೈಕಲ್ಲಿಗೆ ಗಾಳಿ ಹೊಡೆಯುವ ಕೆಲಸ ಹುಡುಕಿಕೊಂಡು ಅಂಗಳಕ್ಕೆ ಹೋಗುವ ಸ್ವಭಾವದವರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿ ಅಜ್ಜಿ ತನ್ನ ಹೊರಸಿನ ಮೇಲೆ ಎದ್ದು ಕುಳಿತಳು.

"ಸಕ್ರಿ ಜಡ್ಡು ಸಾವ್ಕಾರ ಮಂದಿಗಿ ಬರ್ತೈತಿ. ನಮ್ಮಂಥೋರ ಮನಿಗಿ ಯಾಕ ಬರ್ಬೇಕು? ಎರಡು ಮೈಲಿ ನಡೀಬೇಕಂತ! ನಳದಿಂದ ಕೊಡ ಹೊತ್ತು ತಂದ್ರ ನಡದಂಗ ಆಗಂಗಿಲ್ಲೇನು?"

"ಅದು ಸಾಲಂಗಿಲ್ಲಂತ್ರಿ ಅತ್ತಿ. ಒಂದೇ ಸವನ ನಡೀಬೇಕಂತ."

"ಬರಿಗೈಲಿ ಹೆಣ್ಮಗಳು ಓಣ್ಯಾಗ ಅಡ್ಡಾಡಿದ್ರ ಮಂದಿ ಏನಂತಾರ? ಎಲ್ಲಿಗಿ ಹೊಂಟಿ ಅಂತ ಕೇಳಿದ್ರ ಏನು ಹೇಳ್ತಿ?"

ಅಜ್ಜಿಯ ಮಾತು ಬರೀ ಕುಹಕವಾಗಿರಲಿಲ್ಲ. ಆ ಕಾಲದಲ್ಲಿ ಹೆಂಗಸರು ಗಿರಣಿಗೆ ಹೋಗುತ್ತಿದ್ದರು, ಗುಡಿಗೆ ಹೋಗುತ್ತಿದ್ದರು, ಸಂತೆಗೆ ಹೋಗುತ್ತಿದ್ದರು. ಎಲ್ಲಿಗೂ ಅಲ್ಲದೆ ಸುಮ್ಮನೆ ನಡೆಯುವ ಹೆಂಗಸನ್ನು ನಮ್ಮ ಓಣಿ ಕಂಡಿರಲಿಲ್ಲ. ಅವ್ವ ಮೊದಲ ದಿನ ಹಿಟ್ಟಿನ ಡಬ್ಬಿ ಹಿಡಿದು ಹೊರಟಳು. ಎರಡನೆಯ ದಿನವೂ ಅದೇ ಡಬ್ಬಿ. ಮೂರನೆಯ ದಿನ ಎದುರು ಮನೆಯ ಸರೋಜಕ್ಕ, "ಇವತ್ತು ಗಿರಣಿ ಬಂದ್ ಐತಲ್ಲ, ಎಲ್ಲಿಗಿ ಹೊಂಟೀರಿ?" ಎಂದು ಕೇಳಿದರು. ಅವ್ವನಿಗೆ ಸುಳ್ಳು ಹೊಳೆಯಲಿಲ್ಲ. ಡಬ್ಬಿ ಹಿಡಿದುಕೊಂಡೇ ಮನೆಗೆ ಬಂದು, ಇನ್ನು ನಾನು ಹೊರಗೆ ಕಾಲಿಡುವುದಿಲ್ಲ, ಬಂದದ್ದು ಬರಲಿ ಎಂದು ಅಡುಗೆಮನೆ ಸೇರಿದಳು.

ಅದೇ ವಾರ ಅಪ್ಪ ಪರೀಕ್ಷೆಯ ಕೆಲಸಕ್ಕೆಂದು ಕುರುಗೋಡಿಗೆ ಹೋಗಿದ್ದವರು ಸಂಜೆ ಬಸ್ಸಿನಲ್ಲಿ ವಾಪಸಾದರು. ಅವರ ಕೈಚೀಲ ತನ್ನಷ್ಟಕ್ಕೆ ತಾನೇ ಅಲುಗಾಡುತ್ತಿತ್ತು. ಪಡಸಾಲೆಯಲ್ಲಿ ಕೆಳಗಿಟ್ಟೊಡನೆ ಅದರೊಳಗಿನಿಂದ ಒಂದು ಕಂದು ಮರಿ ಹೊರಳಿಕೊಂಡು ಹೊರಬಂತು. ಬಂಡೆಯ ನೆಲದ ಮೇಲೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿ ಹೊಟ್ಟೆಯ ಮೇಲೆ ಕುಳಿತು, ನಮ್ಮನ್ನೆಲ್ಲ ನೋಡಿತು. ಗುಡ್ಡದ ಬಂಡೆಗಳ ಸಂದಿಯಲ್ಲಿ ಅಳುತ್ತ ಬಿದ್ದಿತ್ತಂತೆ. ಬಣ್ಣ ಹೊಸ ಬೆಲ್ಲದ ಅಚ್ಚಿನ ಹಾಗೆಯೇ ಇದ್ದುದರಿಂದ ನಾಗು ಅದಕ್ಕೆ ಬೆಲ್ಲ ಎಂದಳು. ಹೆಸರು ಅಲ್ಲಿಗೇ ನಿಂತಿತು.

"ಮೂರು ಮಕ್ಳು ಸಾಲ್ದು ಅಂತ ನಾಯಿ ಬ್ಯಾರೆ ತಂದಿಯೇನಪ್ಪ?" ಎಂದಳು ಅಜ್ಜಿ.

"ಮಕ್ಳಿಗಲ್ಲ ಬೇ. ಇದು ಗಿರಿಜಾಗ," ಎಂದರು ಅಪ್ಪ. ಗಿರಿಜಾ ಅವ್ವನ ಹೆಸರು. "ನಾಯೀನ ದಿನಾ ಅಡ್ಡಾಡಿಸಬೇಕು. ಇಲ್ಲಂದ್ರ ಮನ್ಯಾಗ ಹೊಲಸು ಮಾಡ್ತೈತಿ."

ಹೀಗೆ ಅವ್ವನ ನಡಿಗೆಗೆ ಒಂದು ಕೆಲಸ ಸಿಕ್ಕಿತು. ಬೆಲ್ಲ ಸ್ವಲ್ಪ ದೊಡ್ಡವನಾಗಿ ಹಗ್ಗಕ್ಕೆ ಒಗ್ಗುತ್ತಿದ್ದಂತೆ, ಬೆಳಗಿನ ತಂಪಿನಲ್ಲಿ ಅವ್ವ, ನಾನು, ನಾಗು ಮೂವರೂ ಹೊರಡುತ್ತಿದ್ದೆವು. ಯಾರಾದರೂ ಎಲ್ಲಿಗೆಂದರೆ ಅವ್ವ ತಲೆಯೆತ್ತಿ, "ನಾಯಿ ಅಡ್ಡಾಡಿಸಾಕ ಹೊಂಟೀನ್ರಿ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಯಾರು ಯಾರನ್ನು ಅಡ್ಡಾಡಿಸುತ್ತಿದ್ದರು ಎನ್ನುವುದು ನೋಡಿದವರಿಗೆ ಗೊತ್ತಾಗುತ್ತಿತ್ತು. ಬೆಲ್ಲ ಹಂದಿ ಕಂಡರೆ ಎಳೆಯುತ್ತಿದ್ದ, ಆಡು ಕಂಡರೆ ಎಳೆಯುತ್ತಿದ್ದ, ಏನೂ ಕಾಣದಿದ್ದರೂ ಎಳೆಯುತ್ತಿದ್ದ. ಮನೆಗಳ ಸಾಲು ಮುಗಿದು ಜಾಲಿಯ ಪೊದೆಗಳು ಶುರುವಾಗುವಲ್ಲಿಗೆ ಬರುವಷ್ಟರಲ್ಲಿ ಅವ್ವ ಏದುಸಿರು ಬಿಡುತ್ತಿದ್ದಳು. ಕೋಟೆ ಗುಡ್ಡದ ಬಂಡೆಗಳ ಮೇಲೆ ಆಗತಾನೆ ಬಿಸಿಲು ಬೀಳುತ್ತಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಏದುಸಿರು ಹೋಗಿ ಅವಳು ನಡೆಯುತ್ತಲೇ ನಮಗೆ ಕತೆ ಹೇಳತೊಡಗಿದಳು. ಅಡುಗೆಮನೆಯಲ್ಲಿ ಅವಳು ಎಂದೂ ಕತೆ ಹೇಳಿದವಳಲ್ಲ. ಇನ್ನೂ ಒಂದು ತಿಂಗಳಿಗೆ ಸರೋಜಕ್ಕ ನಮ್ಮ ಬಾಗಿಲಿಗೆ ಬಂದು, ಆಚೀಚೆ ನೋಡಿ, ಅವ್ವನನ್ನು ಕೇಳಿದರು:

"ನನಗೂ ಸೊಂಟ ಹಿಡಕೊಂಡೈತ್ರಿ. ನಿಮ್ಮ ನಾಯೀನ ವಾರದಾಗ ಎರಡು ದಿನ ನನಗ ಕೊಡ್ತೀರೇನು?"

ಸಕ್ಕರೆಯ ಪರೀಕ್ಷೆ ಆಗ ಮನೆಯಲ್ಲೇ ಆಗುತ್ತಿತ್ತು. ಡಾಕ್ಟರಮ್ಮ ಒಂದು ಗಾಜಿನ ನಳಿಗೆ, ಒಂದು ಸ್ಪಿರಿಟ್ ದೀಪ, ಒಂದು ಬಾಟಲಿ ನೀಲಿ ದ್ರಾವಣ ಬರೆದುಕೊಟ್ಟಿದ್ದರು. ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆಯ ಕೆಂಪಿಗೆ ತಿರುಗಿದರೆ ತುಂಬ. ಅವ್ವ ಬಚ್ಚಲಿನ ಕಟ್ಟೆಯ ಮೇಲೆ ಇದನ್ನು ಮಾಡುವಾಗ ನಾನು, ನಾಗು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕೂರುತ್ತಿದ್ದೆವು. ಅಪ್ಪನಿಗೋ ಬಣ್ಣವೆಂದರೆ ಪ್ರಾಣ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಕೆಳಗೆ ಆ ದಿನದ ಬಣ್ಣದ ಒಂದು ಚುಕ್ಕಿ ಇಡತೊಡಗಿದರು. ಮೊದಲ ತಿಂಗಳೆಲ್ಲ ಹಳದಿ, ಕೆಂಪು. ಆಮೇಲೆ ಹಸಿರು ಬಂತು. ಮೊದಲ ನೀಲಿ ಚುಕ್ಕಿ ಬಿದ್ದ ದಿನ ಅಪ್ಪ ಶಾಲೆಯಿಂದ ಬರುವಾಗ ಮಲ್ಲಿಗೆ ತಂದಿದ್ದರು. ಆಮೇಲೊಂದು ದಿನ ನನ್ನನ್ನು ಕರೆದು, ಹಳೆಯ ಗುಳಿಗೆ ಡಬ್ಬಿಯಲ್ಲಿ ನಾಲ್ಕು ಬಣ್ಣದ ಬಿಲ್ಲೆ, ಒಂದು ಸಣ್ಣ ಕುಂಚ ಇಟ್ಟುಕೊಟ್ಟರು.

"ಇನ್ ಮ್ಯಾಲ ಚುಕ್ಕಿ ಇಡೋ ಕೆಲಸ ನಿಂದು, ಸುಮಾ. ಅವ್ವ ನಳಿಗಿ ತೋರಿಸ್ತಾಳ, ನೀ ಅದ್ರ ಬಣ್ಣಾನೇ ಹಚ್ಚಬೇಕು."

ನನ್ನ ಬದುಕಿನಲ್ಲಿ ಯಾರಾದರೂ ನನಗೆ ಕೊಟ್ಟ ಮೊದಲ ಜವಾಬ್ದಾರಿ ಅದು. ಮುಂದೆ ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ಸಾವಿರ ಜನರ ರಕ್ತ, ಮೂತ್ರ ಪರೀಕ್ಷಿಸಿದೆ. ಆದರೆ ಆ ಡಬ್ಬಿ ಹಿಡಿದು ಮಣೆಯ ಮೇಲೆ ಹತ್ತಿ ನಿಂತು ಚುಕ್ಕಿ ಇಡುವಾಗಿನ ಗತ್ತು ಮತ್ತೆ ಬರಲಿಲ್ಲ. ಆ ತಿಂಗಳು ಡಾಕ್ಟರಮ್ಮನ ಹತ್ತಿರ ಹೋದಾಗ ಅವ್ವನ ಜೊತೆ ನಾನು, ನಾಗು ಇಬ್ಬರೂ ಇದ್ದೆವು. ಬೆಲ್ಲ, ಸಕ್ಕರೆ ಪೂರ್ತಿ ಬಿಟ್ಟಿದ್ದೀರಾ ಎಂದು ಅವರು ಕೇಳಿದರು. ಅವ್ವ ಹೂಂ ಎಂದಳು. ನಾಗು ನಡುವೆ ಬಾಯಿ ಹಾಕಿದಳು.

"ಇಲ್ರಿ ಡಾಕ್ಟರಮ್ಮ, ಸುಳ್ಳು. ಬೆಲ್ಲ ಅವ್ವನ ಹಾಸಿಗ್ಯಾಗೇ ಇರ್ತೈತಿ."

ಡಾಕ್ಟರಮ್ಮ ಕನ್ನಡಕ ತೆಗೆದು ಅವ್ವನನ್ನೇ ನೋಡಿದರು. ಅದು ನಾಯಿಯ ಹೆಸರು ಎಂದು ಅವ್ವ ಬಿಡಿಸಿ ಹೇಳುವಷ್ಟರಲ್ಲಿ ಹೊರಗೆ ಕುಳಿತ ರೋಗಿಗಳಿಗೂ ನಗು ಹತ್ತಿತ್ತು.

ಶ್ರಾವಣ ಬಂತು, ನಾಗರಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಉಂಡೆ. ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು, ರವೆ ಉಂಡೆ. ಡಾಕ್ಟರಮ್ಮ ಏನೇ ಹೇಳಲಿ, ಹೆಣ್ಣುಮಕ್ಕಳ ಹಬ್ಬಕ್ಕೆ ಮನೆಯಲ್ಲಿ ಪಾಕದ ವಾಸನೆ ಬರದಿದ್ದರೆ ಹೇಗೆ ಎಂದು ಅಜ್ಜಿ ಹಟ ಹಿಡಿದಳು. ಉಂಡೆ ಕಟ್ಟುವ ಕೈ ಅವ್ವನದೇ. ಎರಡು ದಿನ ಅವಳು ಒಲೆಯ ಮುಂದೆ ಕುಳಿತು ಬೆಲ್ಲದ ಪಾಕ ಕುದಿಸಿದಳು, ಶೇಂಗಾ ಹುರಿದಳು, ಅಂಗೈ ಕೆಂಪಾಗುವಂತೆ ಬಿಸಿಬಿಸಿ ಉಂಡೆ ಕಟ್ಟಿದಳು, ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಹಬ್ಬದ ಮಧ್ಯಾಹ್ನ ಎಲ್ಲರೂ ಜೋಕಾಲಿಯ ಹತ್ತಿರ ಇದ್ದಾಗ ನಾನು ಇನ್ನೊಂದು ಉಂಡೆಗಾಗಿ ಮನೆಗೆ ಓಡಿಬಂದೆ. ಉಗ್ರಾಣದ ಕತ್ತಲಲ್ಲಿ ಅವ್ವ ನೆಲದ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಡಬ್ಬಿ. ಕಣ್ಣು ಮುಚ್ಚಿಕೊಂಡು ತಂಬಿಟ್ಟಿನ ಉಂಡೆ ತಿನ್ನುತ್ತಿದ್ದಳು. ನನ್ನ ಹೆಜ್ಜೆ ಕೇಳಿ ಕಣ್ಣು ಬಿಟ್ಟಳು. ಅವಳ ಮುಖದಲ್ಲಿ ಅಂಥ ನಾಚಿಕೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ರುಚಿ ನೋಡಿದೆ, ಅಷ್ಟ," ಎಂದಳು. ಆಮೇಲೆ ಡಬ್ಬಿಯನ್ನು ನನ್ನ ಕಡೆ ಚಾಚಿ, "ನೀನೂ ತಿನ್ನು ಬಾ," ಎಂದಳು.

ನಾನು ಅವಳ ಪಕ್ಕ ಕುಳಿತು ತಿಂದೆ. ಮರುದಿನ ನಳಿಗೆ ಕುದಿಯುತ್ತ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಕೆಂಪಾಗಿ ನಿಂತಿತು. ಅವ್ವ ಅದನ್ನು ನನಗೆ ತೋರಿಸಿದಳು. ನಾನು ಮಣೆ ಹತ್ತಿದೆ. ಕೆಂಪು ಬಿಲ್ಲೆಯ ಮೇಲಿದ್ದ ಕುಂಚವನ್ನು ಎತ್ತಿ, ತೊಳೆದು, ನೀಲಿಯಲ್ಲಿ ಅದ್ದಿ ಚುಕ್ಕಿ ಇಟ್ಟೆ. ಕೆಂಪು ಚುಕ್ಕಿ ಕಂಡರೆ ಅಜ್ಜಿ ಆಡಿಕೊಳ್ಳುತ್ತಾಳೆ, ಅಪ್ಪನ ಮುಖ ಸಪ್ಪಗಾಗುತ್ತದೆ, ಅವ್ವ ಮತ್ತೆ ಆ ನಾಚಿಕೆಯ ಮುಖ ಹೊತ್ತು ಓಡಾಡುತ್ತಾಳೆ ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. ಅವ್ವ ಚುಕ್ಕಿಯನ್ನು ನೋಡಿದಳು. ನನ್ನನ್ನು ನೋಡಿದಳು. ನಳಿಗೆ ತೊಳೆಯಲು ಬಚ್ಚಲಿಗೆ ಹೋದಳು. ಡಬ್ಬಿಯಲ್ಲಿ ಉಂಡೆ ಇರುವ ತನಕ ಹೀಗೇ ನಡೆಯಿತು. ಉಂಡೆ ಮುಗಿದ ಮೇಲೆಯೂ ಏನಾದರೊಂದು ಸಿಗುತ್ತಿತ್ತು. ಸರೋಜಕ್ಕ ಕೊಟ್ಟ ಹೋಳಿಗೆ, ಗುಡಿಯ ಪ್ರಸಾದದ ಸಜ್ಜಕ. ಕ್ಯಾಲೆಂಡರಿನಲ್ಲಿ ನೀಲಿ ಚುಕ್ಕಿಗಳ ಸಾಲು ಬೆಳೆಯುತ್ತಲೇ ಹೋಯಿತು. ನಾವಿಬ್ಬರೂ ಅದರ ಬಗ್ಗೆ ಒಮ್ಮೆಯೂ ಮಾತಾಡಲಿಲ್ಲ. ಅಪ್ಪ ಮಾತ್ರ ಬಂದವರಿಗೆಲ್ಲ ಕ್ಯಾಲೆಂಡರ್ ತೋರಿಸಿ ಹಿಗ್ಗುತ್ತಿದ್ದರು.

ಒಂದು ಬೆಳಗ್ಗೆ ಜಾಲಿಯ ಪೊದೆಗಳ ಹತ್ತಿರ ಬೆಲ್ಲನಿಗೆ ಮುಂಗುಸಿ ಕಂಡಿತು. ಹಗ್ಗ ಅವ್ವನ ಕೈಯಿಂದ ಕಿತ್ತುಹೋಯಿತು. ಅವ್ವ ಕೂಗುತ್ತ ಹಿಂದೆ ಓಡಿದಳು. ಅವ್ವ ಓಡುವುದನ್ನು ನಾವು ಕಂಡದ್ದು ಅದೇ ಮೊದಲು. ನಾಗು ಚಪ್ಪಾಳೆ ತಟ್ಟುತ್ತಿದ್ದಳು. ಓಟದಲ್ಲಿ ಚಪ್ಪಲಿಯ ಉಂಗುಟ ಕಿತ್ತು, ಬರಿಗಾಲಿಗೆ ಜಾಲಿಮುಳ್ಳು ನಾಟಿತು. ಅಲ್ಲೇ ಕುಳಿತು ಮುಳ್ಳು ಕಿತ್ತು ಎಸೆದು, ಬೆಲ್ಲನ ಕಿವಿ ಹಿಂಡಿ, ನಗುತ್ತಲೇ ಮನೆಗೆ ಬಂದಳು. ನಾಲ್ಕು ದಿನ ಕಳೆದರೂ ಅಂಗಾಲಿನ ಗಾಯ ಮಾಯಲಿಲ್ಲ. ಅರಿಶಿನ ಹಚ್ಚಿದಳು, ಬೇವಿನೆಲೆ ಅರೆದು ಕಟ್ಟಿದಳು. ಎಂಟನೆಯ ದಿನ ಪಾದ ಬಾತು ಕೆಂಪಾಯಿತು, ಮೈ ಕಾದಿತು. ಅಪ್ಪ ಜಟಕಾ ತಂದರು. ಡಾಕ್ಟರಮ್ಮನಿಗೆ ತೋರಿಸಲೆಂದು ಕ್ಯಾಲೆಂಡರನ್ನು ಮೊಳೆಯಿಂದ ಕಳಚಿ, ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟು, ನನ್ನನ್ನೂ ಹತ್ತಿಸಿಕೊಂಡರು. ಜಟಕಾದಲ್ಲಿ ಅವ್ವ ಅಪ್ಪನ ಭುಜಕ್ಕೆ ತಲೆಯಿಟ್ಟಿದ್ದಳು. ಕುದುರೆ ನಿಧಾನಕ್ಕೆ ಹೋಗುತ್ತಿತ್ತು. ಅವ್ವ ಅಪ್ಪನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

"ನಮ್ಮವ್ವಗೂ ಹಿಂಗ ಶುರುವಾಗಿದ್ದು. ಹೆಬ್ಬೆರಳಿಗಿ ಒಂದ್ ಸಣ್ಣ ಗಾಯ."

ಅವ್ವನ ತಾಯಿ ನಾನು ಹುಟ್ಟುವ ಮುನ್ನವೇ ತೀರಿಕೊಂಡಿದ್ದಳು. ಹೇಗೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಕ್ಷಣ ನನ್ನ ಕೈಯಲ್ಲಿದ್ದ ಸುರುಳಿ ಕಲ್ಲಿನಷ್ಟು ಭಾರವಾಯಿತು. ಡಾಕ್ಟರಮ್ಮ ಗಾಯ ನೋಡಿದರು, ಕ್ಯಾಲೆಂಡರ್ ಬಿಡಿಸಿ ನೋಡಿದರು. ಒಳಗೆ ಹೋಗಿ ತಾವೇ ನಳಿಗೆ ಕುದಿಸಿ ತಂದು ಮೇಜಿನ ಮೇಲಿಟ್ಟರು. ಅದರ ತಳದಲ್ಲಿ ಇಟ್ಟಿಗೆಯ ಪುಡಿಯಂತೆ ಕೆಂಪು ಕೂತಿತ್ತು.

"ಏನಮ್ಮಾ ಇದು? ಇಲ್ಲಿ ನೋಡಿದ್ರೆ ಎಲ್ಲಾ ನೀಲಿ. ಅಲ್ಲಿ ನೋಡಿದ್ರೆ ಇಟ್ಟಿಗೆ. ಯಾವುದು ನಂಬಬೇಕು ನಾನು?"

"ನಾನ ಹಚ್ಚಿದ್ದು," ಎಂದೆ. "ಕೆಂಪು ಬಂದ್ರೂ ನೀಲಿ ಹಚ್ಚೀನಿ. ಅವ್ವಗ ಬೈಯಬ್ಯಾಡ್ರಿ."

"ಅಕೀದೇನು ತಪ್ಪಿಲ್ಲ," ಎಂದಳು ಅವ್ವ. ಮಲಗಿದ್ದವಳು ಮೊಣಕೈ ಊರಿ ಎದ್ದಿದ್ದಳು. "ಕೂಸು ಅದು. ನಾ ದಿನಾ ನೋಡಿ ಸುಮ್ನಿದ್ದೆ. ಉಂಡಿ ತಿಂದಾಕಿ ನಾನು."

ಡಾಕ್ಟರಮ್ಮ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿ, "ಕಲರ್ ವೇಸ್ತೆ ಷುಗರ್ ತಗ್ಗುತುಂದಾ, ಪಾಪಾ?" ಎಂದರು. ಬಣ್ಣ ಬಳಿದರೆ ಸಕ್ಕರೆ ಇಳಿಯುವುದೇ ಎಂಬ ಆ ಪ್ರಶ್ನೆಗೆ ನಾನು ಅತ್ತುಬಿಟ್ಟೆ. ಗಾಯ ಬಿಡಿಸಿ, ಕೀವು ತೆಗೆದು, ಪಟ್ಟಿ ಕಟ್ಟಿ, ಸೂಜಿ ಚುಚ್ಚಿದರು. ದಿನಾ ಎರಡು ಸೂಜಿ, ದಿನಾ ಹೊಸ ಪಟ್ಟಿ, ಕಾಲು ನೆಲಕ್ಕೆ ಊರುವಂತಿಲ್ಲ. ಸರಿಯಾದ ಹೊತ್ತಿಗೆ ತಂದಿದ್ದೀರಿ, ಕಾಲಿಗೆ ಏನೂ ಆಗುವುದಿಲ್ಲ, ಆದರೆ ಇನ್ನೊಂದು ಉಂಡೆ ತಿಂದರೆ ನನ್ನ ಹತ್ತಿರ ಬರಬೇಡಿ ಎಂದರು. ಮನೆಗೆ ಬಂದ ಮೇಲೆ ಅಪ್ಪ ನನ್ನನ್ನು ಬೈಯಲಿಲ್ಲ. ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಹಾಕಿ, ಕುಂಚ ತೆಗೆದುಕೊಂಡು, ಪಂಚಮಿಯಿಂದ ಈಚೆಗೆ ಒಂದೊಂದೇ ದಿನದ ನಿಜವಾದ ಬಣ್ಣ ಕೇಳಿದರು. ನನಗೆ ಎಲ್ಲ ನೆನಪಿತ್ತು. ಹೇಳುತ್ತ ಹೋದೆ. ಅವರು ನೀಲಿಯ ಮೇಲೆ ಕೆಂಪು, ಹಳದಿ ಹಚ್ಚುತ್ತ ಹೋದರು. ಕೆಲವು ಚುಕ್ಕಿಗಳು ಬೆರೆತು ನೇರಳೆಯಾದವು.

"ಕೆಂಪು ಬಂದ್ರ ಕೆಂಪು ಹಚ್ಚು," ಎಂದರು ಕೊನೆಗೆ. "ಯಾರಾರ ಬೈದ್ರ, ಬೈಸಿಗೊಳ್ಳಾಕ ನಾ ಅದೀನಿ."

ಆದರೆ ಬೈಯುವವರೇ ಮನೆಯಲ್ಲಿ ಇಲ್ಲವಾದರು. ಅವ್ವ ಕಾಲು ಚಾಚಿ ಮಲಗಿದ ಆ ಮೂರು ವಾರ ಅಜ್ಜಿ ಬೇರೆಯೇ ಮನುಷ್ಯಳಾದಳು. ಸಕ್ಕರೆ ಡಬ್ಬಿಯನ್ನೂ ಉಳಿದ ಬೆಲ್ಲದ ಅಚ್ಚುಗಳನ್ನೂ ತಾನೇ ಹೊತ್ತು ಸರೋಜಕ್ಕನ ಮನೆಗೆ ಕೊಟ್ಟುಬಂದಳು. ಪಂಚಮಿಗೆ ಹಟ ಹಿಡಿದದ್ದು ತಾನು ಎಂಬುದು ಅವಳನ್ನು ಕೊರೆಯುತ್ತಿತ್ತೇನೋ. ಮೊದಲ ದಿನ ಮಧ್ಯಾಹ್ನ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ಬಡಿಸಿ ತಾನೂ ಅದನ್ನೇ ಮುರಿದು ತಿನ್ನತೊಡಗಿದಳು. ಅವ್ವ ಗಾಬರಿಯಾದಳು.

"ಅತ್ತಿ, ನಿಮಗ ಅನ್ನ ಮಾಡ್ಕೊಳ್ರಿ. ನನ್ನ ಸಲುವಾಗಿ ನೀವ್ಯಾಕ ಬಿಡ್ತೀರಿ?"

"ನಿನ್ನ ಸಲುವಾಗಿ ಯಾರು ಬಿಟ್ರು? ನನಗ ಅನ್ನ ಉಂಡು ಉಂಡು ಬ್ಯಾಸರಾಗೈತಿ."

ಸಿರುಗುಪ್ಪದ ಹೆಣ್ಣುಮಗಳೊಬ್ಬಳು ಇಂಥ ಸುಳ್ಳು ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ನಳಿಗೆ ಪರೀಕ್ಷೆಯ ಮೇಲ್ವಿಚಾರಣೆಯನ್ನೂ ಅವಳೇ ವಹಿಸಿಕೊಂಡಳು. "ಇಲ್ಲಿ ತಾ, ನಾ ನೋಡ್ತೀನಿ" ಎಂದು ನಳಿಗೆಯನ್ನು ಹಿತ್ತಲಿನ ಬಿಸಿಲಿಗೆ ಹಿಡಿಯುವಳು. ಅವಳ ಕಣ್ಣಿಗೆ ಪೊರೆ ಬಂದಿದ್ದರಿಂದ ಎಲ್ಲವೂ ಸ್ವಲ್ಪ ಹಳದಿಯಾಗಿಯೇ ಕಾಣುತ್ತಿತ್ತು. ಹಸಿರನ್ನು ಹಳದಿ ಎನ್ನುವಳು, ನೀಲಿಯನ್ನು ಹಸಿರು ಎನ್ನುವಳು. ನಾನು ಅಲ್ಲ ಎನ್ನುವೆ. ನಾಗುವನ್ನು ಪಂಚಾಯಿತಿಗೆ ಕರೆಯುವೆವು. ಬೆಲ್ಲ ಈ ಗಲಾಟೆಯ ಸುತ್ತ ಬೊಗಳುತ್ತ ಓಡುವನು. ಒಳಗಿನಿಂದ ಅವ್ವ, "ಏನು ಬಂತಂತರ ಹೇಳ್ರಿ!" ಎಂದು ಕೂಗುವಳು. ಹೀಗೆ ಗುದ್ದಾಡಿ ಇಟ್ಟ ಚುಕ್ಕಿಗಳು ನಿಧಾನವಾಗಿ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಬಂದವು. ಗಾಯ ಒಣಗಿತು. ಪಟ್ಟಿ ಬಿಚ್ಚಿದ ದಿನ ಅವ್ವ ಮೊದಲು ಹೋದದ್ದು ಬಾಗಿಲಿಗೆ. ಅಪ್ಪ ತಂದಿಟ್ಟಿದ್ದ ಹೊಸ ಚಪ್ಪಲಿ ಮೆಟ್ಟಿ, ಹಗ್ಗ ಹಿಡಿದು, ಓಣಿಯ ತುದಿಯ ತನಕ ಹೋಗಿ ಬಂದಳು.

ಆಮೇಲೆ ಅವಳು ಯಾರು ಎಲ್ಲಿಗೆಂದು ಕೇಳಿದರೂ ನಾಯಿಯ ನೆಪ ಹೇಳುವುದನ್ನು ಬಿಟ್ಟಳು. "ನಡ್ಯಾಕ ಹೊಂಟೀನಿ" ಎನ್ನುತ್ತಿದ್ದಳು. ಚಳಿಗಾಲ ಬರುವ ಹೊತ್ತಿಗೆ ಸರೋಜಕ್ಕ ಸೇರಿ ನಾಲ್ಕು ಹೆಂಗಸರು ಅವಳ ಜೊತೆಗಿದ್ದರು. ಸಂಕ್ರಾಂತಿಯ ರಜೆಯಲ್ಲಿ ಒಂದು ದಿನ ಊಟದ ಹೊತ್ತಿಗೆ ಅವ್ವ ಇದ್ದಕ್ಕಿದ್ದಂತೆ, ನಾಳೆ ತವರಿಗೆ, ಕೊಳಗಲ್ಲಿಗೆ ನಡೆದೇ ಹೋಗುತ್ತೇನೆ ಎಂದಳು. ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ, "ತಮ್ಮನ್ನ ನನ್ನ ಹತ್ರ ಬಿಟ್ಟು ಹೋಗು. ಬಿಸಲು ಏರೋದ್ರಾಗ ಮುಟ್ಟಬೇಕು, ನೀರು ಮರೀಬ್ಯಾಡ," ಎಂದಳು, ಅಷ್ಟೆ. ಇನ್ನೂ ಮಬ್ಬು ಇರುವಾಗಲೇ ಅವ್ವ, ನಾನು, ನಾಗು, ಬೆಲ್ಲ ಹೊರಟೆವು. ಊರು ದಾಟಿದ ಮೇಲೆ ಎರಡೂ ಕಡೆ ಹೊಲ. ಜೋಳ ತೆನೆಗಟ್ಟಿತ್ತು, ಹತ್ತಿ ಒಡೆದಿತ್ತು. ಬಸ್ಸು ಒಮ್ಮೆ ನಮ್ಮನ್ನು ದಾಟಿಹೋಯಿತು. ಕಂಡಕ್ಟರ್ ಗೋಣು ಹೊರಹಾಕಿ ಹತ್ತಿರಿ ಎಂದು ಕರೆದ. ಅವ್ವ ಕೈಯಾಡಿಸಿ ಕಳಿಸಿಬಿಟ್ಟಳು. ನಾಗುವಿನ ಕಾಲು ಸೋತಾಗ ಕುಳಿತೆವು, ರೊಟ್ಟಿ ತಿಂದೆವು, ಮತ್ತೆ ನಡೆದೆವು.

ಅವ್ವನ ತಂದೆ, ನಮ್ಮ ಅಜ್ಜ, ಮಾಮನ ಮನೆಯ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಮಾತು ಕಡಿಮೆಯ ಮನುಷ್ಯ. ನಮ್ಮನ್ನು ಕಂಡು ಎದ್ದು ನಿಂತ.

"ಬಸ್ಸು ಈಗ ಬರೋದಲ್ಲಲ್ಲ. ಹೆಂಗ ಬಂದಿ?"

"ನಡಕೋತ ಬಂದೆ, ಅಪ್ಪಾ."

ಅಜ್ಜ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದ. ಸೊಸೆ ತರುತ್ತೇನೆಂದರೂ ಕೊಡಲಿಲ್ಲ. ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ, ತಾನೇ ಕುಕ್ಕರಗಾಲಲ್ಲಿ ಕುಳಿತು ಅವಳ ಪಾದಗಳಿಗೆ ನೀರು ಹಾಕಿದ. ಒಂದೊಂದೇ ಬೆರಳನ್ನು ಬಿಡಿಸಿ, ಅಂಗಾಲನ್ನು ತಿರುಗಿಸಿ, ಹೊಲದಿಂದ ಬಂದ ಎತ್ತಿನ ಕಾಲು ನೋಡುವವನ ಹಾಗೆ ನಿಧಾನವಾಗಿ ನೋಡಿದ. ಮುಳ್ಳು ನಾಟಿದ್ದ ಕಲೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ತನ್ನ ವಸ್ತ್ರದಿಂದ ಒರೆಸಿ, "ಚಲೋ ಅದಾವು" ಎಂದು ಎದ್ದುಹೋದ.

ಮರುದಿನ ಬೆಳಗ್ಗೆ ಅಜ್ಜ ಗಾಡಿ ಹೂಡಿಸುತ್ತೇನೆಂದ. ಅವ್ವ ಒಪ್ಪಲಿಲ್ಲ. ಹಾಗಾದರೆ ಊರ ಅಗಸೆಬಾಗಿಲ ತನಕ ಕಳಿಸಿಬರುತ್ತೇನೆ ಎಂದು ಕೋಲು ಹಿಡಿದು ಹೊರಟ. ಅಗಸೆ ಬಂದಾಗ, ಹೇಗೂ ಹೊಲ ನೋಡಬೇಕು ಎಂದು ಹೊಲದ ತನಕ ಬಂದ. ಹೊಲದಲ್ಲಿ ನಿಲ್ಲಲೇ ಇಲ್ಲ, ಮುಂದಿನ ಬೇವಿನ ಮರದ ನೆರಳಿನ ತನಕ ಎಂದ. ಬೇವಿನ ಮರ ದಾಟಿದ ಮೇಲೆ ಎಲ್ಲಿಯ ತನಕ ಎನ್ನುವ ಮಾತೇ ನಿಂತುಹೋಯಿತು. ನಾಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಬೆಲ್ಲನ ಹಗ್ಗ ಕೈಗೆ ಸುತ್ತಿಕೊಂಡು ಅಜ್ಜ ಅವ್ವನ ಪಕ್ಕದಲ್ಲೇ ನಡೆದ. ಮಳೆಯ ಮಾತು, ಎತ್ತಿನ ಮಾತು ಆಡುತ್ತ ಆಡುತ್ತ, ಅವ್ವ ಸಣ್ಣವಳಿದ್ದಾಗ ಹೊಲಕ್ಕೆ ಬುತ್ತಿ ತರುತ್ತ ದಾರಿಯಲ್ಲೇ ಅರ್ಧ ತಿಂದುಬಿಡುತ್ತಿದ್ದುದನ್ನು ಹೇಳಿದ. ಅವ್ವ ನಾನಿದ್ದೇನೆ ಎಂಬುದನ್ನೇ ಮರೆತು, ನಾನು ಅಂದಿನ ತನಕ ಕೇಳದ ಒಂದು ಸಣ್ಣ ಹುಡುಗಿಯ ದನಿಯಲ್ಲಿ ನಗುತ್ತಿದ್ದಳು.

ಬಿಸಿಲು ನೆತ್ತಿಗೇರುವ ಮುನ್ನ ನಮ್ಮ ಓಣಿ ಮುಟ್ಟಿದೆವು. ಸಿರುಗುಪ್ಪದ ಅಜ್ಜಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಬೀಗರನ್ನು ಕಂಡು ಸೆರಗು ಸರಿಮಾಡಿಕೊಂಡಳು. ಮೊಣಕಾಲ ತನಕ ಕೆಂಪು ಧೂಳು ಮೆತ್ತಿದ ಅಜ್ಜನ ಕಾಲುಗಳನ್ನು ನೋಡಿ ಕಣ್ಣರಳಿಸಿದಳು.

"ಬೀಗರು ಯಾವ ಬಸ್ಸಿಗಿ ಬಂದ್ರಿ?"

ಅಜ್ಜ ನಾಗುವನ್ನು ಹೆಗಲಿನಿಂದ ಇಳಿಸಿ, ರುಮಾಲು ತೆಗೆದು ಮುಖ ಒರೆಸಿಕೊಂಡ.

"ಬಸ್ಸಿಗಿ ಎಲ್ಲಿ ಬಂದೆ ತಾಯಿ. ಮಗಳನ್ನ ಅಗಸಿ ತನಕ ಕಳಸಾಕ ಬಂದಿದ್ದೆ."